ಟಾಪ್ಸ್, ಫ್ಲೀರ್, ಡಾನ್‌ರಸ್: ಬಾಲ್ಯದಲ್ಲಿ ನೀವು ಯಾರ ಪಕ್ಷ?

ಎಡಿಸನ್ ನಿವಾಸಿ

ನಮಸ್ಕಾರ. 1980ರ ದಶಕದಲ್ಲಿ ಅಮೆರಿಕದಲ್ಲಿ ಬೆಳೆದ ಕನ್ನಡಿಗರು ಇಲ್ಲಿ ಹಲವರಿದ್ದೀರಿ ಎಂಬ ಭರವಸೆಯಿಂದ ಈ ವಿಷಯವನ್ನು ಎತ್ತುತ್ತಿದ್ದೇನೆ. ಹಳೆಯ ಬೇಸ್‌ಬಾಲ್ ಕಾರ್ಡುಗಳ, ಅಂದರೆ ಆಟಗಾರರ ಚಿತ್ರವಿದ್ದ, ಪೊಟ್ಟಣದಲ್ಲಿ ಮಾರುತ್ತಿದ್ದ ರಟ್ಟಿನ ಕಾರ್ಡುಗಳ, ಬೆಲೆಯ ಬಗ್ಗೆ ಮಾತನಾಡುವವರು ಎಲ್ಲೆಡೆ ಸಿಗುತ್ತಾರೆ. ನಾನು ಕೇಳುತ್ತಿರುವುದು ಅದನ್ನಲ್ಲ. ಕೈಯಲ್ಲಿ ಒಂದೇ ಪೊಟ್ಟಣಕ್ಕೆ ಸಾಲುವಷ್ಟು ಚಿಲ್ಲರೆ ಇದ್ದು, ಅಂಗಡಿಯ ಕಟ್ಟೆಯ ಮೇಲೆ ಟಾಪ್ಸ್, ಫ್ಲೀರ್, ಡಾನ್‌ರಸ್ ಎಂಬ ಮೂರು ಕಂಪನಿಗಳ ಡಬ್ಬಗಳು ಪಕ್ಕಪಕ್ಕದಲ್ಲಿ ತೆರೆದಿದ್ದಾಗ ನೀವು ಯಾವುದಕ್ಕೆ ಕೈ ಹಾಕುತ್ತಿದ್ದಿರಿ, ಮತ್ತು ಏಕೆ?

ನಾನು ಟಾಪ್ಸ್ ಪಕ್ಷದವನು. 1981ರಲ್ಲಿ ಮೂರರ ಬೆಲೆಯೂ 30 ಸೆಂಟ್. ಟಾಪ್ಸ್ ಪೊಟ್ಟಣದಲ್ಲಿ 15 ಕಾರ್ಡು, ಫ್ಲೀರ್‌ನಲ್ಲಿ 17, ಡಾನ್‌ರಸ್‌ನಲ್ಲಿ 18. ಬರೀ ಲೆಕ್ಕ ನೋಡಿದ್ದರೆ ಡಾನ್‌ರಸ್ ಕೊಳ್ಳಬೇಕಿತ್ತು, ನಮ್ಮ ಬೀದಿಯ ಕೆಲವು ಹುಡುಗರು ಹಾಗೆಯೇ ಮಾಡಿದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಟಾಪ್ಸ್ ಕಾರ್ಡಿನ ಹಿಂಬದಿ. ಕಾರ್ಲ್ ಯಸ್ಟ್ರೆಮ್‌ಸ್ಕಿಯ ಕಾರ್ಡನ್ನು ತಿರುಗಿಸಿದರೆ 1961ರಿಂದ ಆರಂಭಿಸಿ ಒಂದೊಂದು ವರ್ಷಕ್ಕೆ ಒಂದೊಂದು ಸಾಲಿನಂತೆ ಇರುವೆ ಗಾತ್ರದ ಅಕ್ಷರಗಳಲ್ಲಿ ಅವನ ಇಡೀ ವೃತ್ತಿಜೀವನ ಅಚ್ಚಾಗಿರುತ್ತಿತ್ತು, ಮತ್ತು ತಂಡದ ಹೆಸರಿನ ಕಡೆ ರೆಡ್ ಸಾಕ್ಸ್, ರೆಡ್ ಸಾಕ್ಸ್, ರೆಡ್ ಸಾಕ್ಸ್ ಎಂದು ಒಂದೇ ಹೆಸರು ಮೇಲಿನಿಂದ ಕೆಳಗಿನವರೆಗೆ ಇಳಿಯುತ್ತಿತ್ತು. ಒಬ್ಬ ಮನುಷ್ಯ ಅಷ್ಟು ವರ್ಷ ಒಂದೇ ಕಡೆ ಆಡಿದ್ದಾನೆ ಎಂಬುದನ್ನು ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಪಕ್ಕದ ಮನೆಯ ಹುಡುಗರಿಗೆ ವಿಲ್ಲೀ ಮೇಸ್ ಯಾರು, ಬ್ರೂಕ್ಲಿನ್ ತಂಡ ಊರು ಬಿಟ್ಟು ಹೋದದ್ದೇಕೆ ಎಂಬುದನ್ನೆಲ್ಲ ಅಪ್ಪಂದಿರೇ ಹೇಳುತ್ತಿದ್ದರು. ನಮ್ಮ ಅಪ್ಪ ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಅವರ ಬಗ್ಗೆ ರಾತ್ರಿಯಿಡೀ ಮಾತನಾಡಬಲ್ಲವರಾಗಿದ್ದರು; ಬೇಸ್‌ಬಾಲ್ ಅವರಿಗೂ ನನ್ನಷ್ಟೇ ಹೊಸದು. ಹೀಗಾಗಿ ಆಟದ ಪೂರ್ವೇತಿಹಾಸವನ್ನು ನಾನು ಕಲಿತದ್ದು ಆ ಬೂದು ಬಣ್ಣದ ರಟ್ಟಿನ ಮೇಲಿಂದ. ಯಾರು ದೊಡ್ಡವರು ಎಂಬುದನ್ನೂ ಟಾಪ್ಸ್ ತನ್ನದೇ ರೀತಿಯಲ್ಲಿ ತಿಳಿಸುತ್ತಿತ್ತು: ನೂರು, ಇನ್ನೂರು ಎಂಬಂತಹ ದುಂಡನೆಯ ಕಾರ್ಡು ಸಂಖ್ಯೆಗಳನ್ನು ಅದು ತಾರೆಯರಿಗೆ ಕಾದಿರಿಸುತ್ತಿತ್ತು. 1981ರಲ್ಲಿ ರಾಡ್ ಕರೂ 100, ರೆಜಿ ಜಾಕ್ಸನ್ 400, ಜಾನಿ ಬೆಂಚ್ 600, ಜಾರ್ಜ್ ಬ್ರೆಟ್ 700. ಹೆಸರೇ ಕೇಳದ ಆಟಗಾರನ ಕಾರ್ಡು ಸಿಕ್ಕರೂ ಸಂಖ್ಯೆ ನೋಡಿ ಅವನ ಸ್ಥಾನವನ್ನು ಊಹಿಸಬಹುದಾಗಿತ್ತು. ಹೊರಗಿನಿಂದ ಬಂದ ಮಗುವಿಗೆ ಇದು ಎಷ್ಟು ದೊಡ್ಡ ಉಪಕಾರ ಎಂಬುದನ್ನು ಆ ಕಂಪನಿಯವರು ಯೋಚಿಸಿರಲಾರರು.

ನಿಮ್ಮ ಪಕ್ಷ ಯಾವುದೆಂದು ಕಾರಣ ಸಹಿತ ಬರೆಯಿರಿ.

ಮೆಂಫಿಸ್ ಕನ್ನಡಿಗ

ನಾನು ಡಾನ್‌ರಸ್. ಮೊದಲ ಕಾರಣ ಊರಿನ ಅಭಿಮಾನ: ಡಾನ್‌ರಸ್ ಕಂಪನಿ ಇದ್ದದ್ದು ನಾವು ಬೆಳೆದ ಮೆಂಫಿಸ್‌ನಲ್ಲಿ. ನಮ್ಮೂರಿಗೆ ಪ್ರಥಮ ದರ್ಜೆಯ ಬೇಸ್‌ಬಾಲ್ ತಂಡವಿರಲಿಲ್ಲ, ಆದರೆ ದೇಶದ ಮಕ್ಕಳೆಲ್ಲ ಕೈಯಲ್ಲಿ ಹಿಡಿಯುವ ಕಾರ್ಡುಗಳ ಮೇಲೆ ನಮ್ಮೂರಿನ ಕಂಪನಿಯ ಹೆಸರಿತ್ತು.

1981ರ ಡಾನ್‌ರಸ್ ಕಾರ್ಡಿನ ರಟ್ಟು ತೆಳುವಾಗಿತ್ತು ಎಂಬುದನ್ನೂ ತಪ್ಪುಗಳು ತುಂಬಿದ್ದವು ಎಂಬುದನ್ನೂ ನಾನು ಅಲ್ಲಗಳೆಯುವುದಿಲ್ಲ. ಅದು ಅವಸರದ ಮೊದಲ ವರ್ಷ. ನಾನು ಮಾತನಾಡುವುದು 1982ರ ನಂತರದ ಡಾನ್‌ರಸ್ ಬಗ್ಗೆ. ಆ ವರ್ಷದಿಂದ ಮೊದಲ 26 ಕಾರ್ಡುಗಳು ಡೈಮಂಡ್ ಕಿಂಗ್ಸ್ ಎಂಬ ಹೆಸರಿನಲ್ಲಿ ಬಂದವು. ತಂಡಕ್ಕೊಬ್ಬ ಆಟಗಾರನಂತೆ ಆರಿಸಿ, ಡಿಕ್ ಪೆರೆಸ್ ಎಂಬ ಕಲಾವಿದರು ಬಣ್ಣದಲ್ಲಿ ಬಿಡಿಸಿದ ಚಿತ್ರಗಳು ಅವು. ಪೊಟ್ಟಣದ ತುಂಬ ಛಾಯಾಚಿತ್ರಗಳ ನಡುವೆ ಒಂದು ಚಿತ್ರಕಲೆಯ ಕಾರ್ಡು ಕಂಡಾಗ ಆಗುತ್ತಿದ್ದ ಸಂತೋಷ ಟಾಪ್ಸ್ ಪಕ್ಷದವರಿಗೆ ಗೊತ್ತಿಲ್ಲ.

ಎಡಿಸನ್ ನಿವಾಸಿಯವರ ಹಿಂಬದಿಯ ವಾದಕ್ಕೆ ಉತ್ತರ ಹೇಳಲೇಬೇಕು. ಡಾನ್‌ರಸ್ ಪೂರ್ತಿ ವೃತ್ತಿಜೀವನದ ಸಾಲುಗಳನ್ನು ಕೊಡುತ್ತಿರಲಿಲ್ಲ, ಇತ್ತೀಚಿನ ಕೆಲವು ವರ್ಷಗಳ ಅಂಕಿಅಂಶವನ್ನಷ್ಟೇ ಕೊಡುತ್ತಿತ್ತು, ನಿಜ. ಉಳಿದ ಜಾಗದಲ್ಲಿ ಏನಿತ್ತು ಎಂಬುದನ್ನು ನೋಡಿ. ಆಟಗಾರನ ಪೂರ್ಣ ಹೆಸರು, ಆತ ಈ ತಂಡಕ್ಕೆ ಬಂದದ್ದು ಹೇಗೆ, ಅವನ ಒಪ್ಪಂದ ಯಾವ ವರ್ಷದವರೆಗೆ ಇದೆ, ಮತ್ತು ಅವನ ಸಾಧನೆಗಳನ್ನು ವಿವರಿಸುವ ಕೆಲವು ವಾಕ್ಯಗಳು. ಒಪ್ಪಂದದ ಆ ಒಂದು ಸಾಲು ನನ್ನ ಮನಸ್ಸಿನಲ್ಲಿ ಬಹಳ ಕೆಲಸ ಮಾಡಿತು. ನಮ್ಮ ಮನೆಯಲ್ಲಿಯೂ ಆಗ ಅಪ್ಪನ ಕೆಲಸ ಎಲ್ಲಿಯವರೆಗೆ, ಆಮೇಲೆ ಯಾವ ಊರು ಎಂಬ ಮಾತು ಊಟದ ಹೊತ್ತಿನಲ್ಲಿ ನಡೆಯುತ್ತಿತ್ತು. ದೊಡ್ಡ ಆಟಗಾರನಿಗೂ ಅವಧಿ ಮುಗಿಯುವ ವರ್ಷವೊಂದು ಇರುತ್ತದೆ ಎಂಬುದನ್ನು ಕಾರ್ಡಿನ ಮೇಲೆ ಓದಿದಾಗ ನನಗೆ ಧೈರ್ಯ ಬಂದಿತ್ತು.

ಪೂರ್ವೇತಿಹಾಸದ ಮಾತಿಗೆ ಬಂದರೆ ಡಾನ್‌ರಸ್ ಪೊಟ್ಟಣದಲ್ಲಿದ್ದ ಚಿತ್ರ ಜೋಡಣೆಯ ತುಣುಕುಗಳನ್ನು ಮರೆಯುವಂತಿಲ್ಲ. ವರ್ಷಕ್ಕೊಬ್ಬ ಹಳೆಯ ಆಟಗಾರ: 1982ರಲ್ಲಿ ಬೇಬ್ ರೂತ್, 1983ರಲ್ಲಿ ಟೈ ಕಾಬ್, 1984ರಲ್ಲಿ ಡ್ಯೂಕ್ ಸ್ನೈಡರ್, 1985ರಲ್ಲಿ ಲೂ ಗೆರಿಗ್, 1986ರಲ್ಲಿ ಹ್ಯಾಂಕ್ ಆರನ್. ಒಂದು ಕಾರ್ಡಿಗೆ ಮೂರು ತುಣುಕಿನಂತೆ 63 ತುಣುಕುಗಳನ್ನು ಕೂಡಿಸಿದರೆ ಚಿತ್ರ ಪೂರ್ಣವಾಗುತ್ತಿತ್ತು. ನೀವು ಅಂಕಿಗಳಿಂದ ಕಲಿತಿರಿ. ನಾನು ಒಂದು ಬೇಸಿಗೆಯಿಡೀ ಒಂದೇ ಮುಖವನ್ನು ಜೋಡಿಸುತ್ತ ಕಲಿತೆ.

ಇನ್ನೊಂದು ಮಾತು. 1982ರಲ್ಲಿ ಕ್ಯಾಲ್ ರಿಪ್ಕನ್‌ನನ್ನು ಟಾಪ್ಸ್ ಇನ್ನಿಬ್ಬರ ಜೊತೆ ಒಂದೇ ಕಾರ್ಡಿನಲ್ಲಿ ಹಾಕಿತು. ಡಾನ್‌ರಸ್ ಮತ್ತು ಫ್ಲೀರ್ ಅವನಿಗೆ ಒಂದು ಇಡೀ ಕಾರ್ಡು ಕೊಟ್ಟವು. ಇದಕ್ಕೆ ನಿಮ್ಮ ಸಮಜಾಯಿಷಿ ಏನು?

ಎಡಿಸನ್ ನಿವಾಸಿ

ರಿಪ್ಕನ್ ವಿಷಯದಲ್ಲಿ ಸಮಜಾಯಿಷಿ ಇದೆ. ಅದೇ ವರ್ಷದ ಕೊನೆಗೆ ಟಾಪ್ಸ್ ಹೊರತಂದ ಪೂರಕ ಸರಣಿಯಲ್ಲಿ ಅವನಿಗೆ ಸ್ವಂತ ಕಾರ್ಡು ಬಂತು. ಅದು ಪೊಟ್ಟಣಗಳಲ್ಲಿ ಸಿಗುತ್ತಿರಲಿಲ್ಲ ಎಂಬುದು ಮಾತ್ರ ನಿಜ, ಹಾಗಾಗಿ ಚಿಲ್ಲರೆ ಹಿಡಿದು ನಿಂತ ಹುಡುಗನ ಪಾಲಿಗೆ ನಿಮ್ಮ ಮಾತೇ ಸರಿ.

ಕಾನೂನು ವಿದ್ಯಾರ್ಥಿ

ಈ ಚರ್ಚೆಗೆ ಹಿನ್ನೆಲೆ ಬೇಕು ಅನ್ನಿಸಿದ್ದರಿಂದ ಬರೆಯುತ್ತಿದ್ದೇನೆ. ನೀವಿಬ್ಬರೂ ಸಹಜವೆಂದು ಭಾವಿಸಿರುವ ಆಯ್ಕೆ 1980ರ ಮಕ್ಕಳಿಗೆ ಇರಲೇ ಇಲ್ಲ. 1981ರಲ್ಲಿ ಅದು ಬಂದದ್ದು ಒಬ್ಬ ನ್ಯಾಯಾಧೀಶರ ತೀರ್ಪಿನಿಂದ.

1956ರಲ್ಲಿ ಬ್ರೂಕ್ಲಿನ್‌ನ ಟಾಪ್ಸ್ ತನ್ನ ಪ್ರತಿಸ್ಪರ್ಧಿಯಾಗಿದ್ದ ಫಿಲಡೆಲ್ಫಿಯಾದ ಬೋಮನ್ ಕಂಪನಿಯನ್ನು 2 ಲಕ್ಷ ಡಾಲರಿಗೆ ಕೊಂಡುಕೊಂಡಿತು. ಅಲ್ಲಿಂದ ಸುಮಾರು ಕಾಲು ಶತಮಾನ ಟಾಪ್ಸ್‌ಗೆ ಎದುರಾಳಿಯೇ ಇಲ್ಲದಂತಾಯಿತು. ಆಟಗಾರರು ಇನ್ನೂ ಕೆಳ ಹಂತದ ಲೀಗುಗಳಲ್ಲಿ ಆಡುತ್ತಿರುವಾಗಲೇ 5 ಡಾಲರ್ ಕೊಟ್ಟು ಸಹಿ ಹಾಕಿಸಿಕೊಳ್ಳುವುದು, ಮೇಲಿನ ಹಂತಕ್ಕೆ ಬಂದ ಮೇಲೆ ವರ್ಷಕ್ಕೆ 125 ಡಾಲರ್ ಕೊಡುವುದು ಅದರ ಪದ್ಧತಿ. 1966ರಲ್ಲಿ ಆಟಗಾರರ ಸಂಘದ ಮುಖ್ಯಸ್ಥರಾಗಿ ಬಂದ ಮಾರ್ವಿನ್ ಮಿಲ್ಲರ್ ಇದನ್ನು ಪ್ರಶ್ನಿಸಿದರು. ಟಾಪ್ಸ್ ಬಗ್ಗದಿದ್ದಾಗ ಆಟಗಾರರು ಅದರ ಛಾಯಾಗ್ರಾಹಕರ ಮುಂದೆ ನಿಲ್ಲುವುದನ್ನೇ ಬಿಟ್ಟರು. 1968 ಮತ್ತು 1969ರ ಟಾಪ್ಸ್ ಕಾರ್ಡುಗಳಲ್ಲಿ ಹಳೆಯ ಚಿತ್ರಗಳೂ ಟೋಪಿಯಿಲ್ಲದ ತಲೆಗಳೂ ಹೆಚ್ಚಾಗಿ ಕಾಣುವುದಕ್ಕೆ ಇದೇ ಕಾರಣ. ಕೊನೆಗೆ ವಾರ್ಷಿಕ ಮೊತ್ತ 250 ಡಾಲರಿಗೆ ಏರಿತು, ಮಾರಾಟದಲ್ಲಿ ಪಾಲೂ ಸಿಕ್ಕಿತು.

ಫ್ಲೀರ್ ಈ ಕೋಟೆಯನ್ನು ಹಲವು ದಾರಿಗಳಿಂದ ಭೇದಿಸಲು ನೋಡಿತು. 1959ರಲ್ಲಿ ಟೆಡ್ ವಿಲಿಯಮ್ಸ್ ಒಬ್ಬರದೇ 80 ಕಾರ್ಡುಗಳ ಸರಣಿ ತಂದಿತು. ಟಾಪ್ಸ್ ಒಪ್ಪಂದಗಳು ಚೂಯಿಂಗ್ ಗಮ್ ಮತ್ತು ಮಿಠಾಯಿಯ ಜೊತೆ ಮಾರುವ ಕಾರ್ಡುಗಳಿಗೆ ಸಂಬಂಧಿಸಿದ್ದರಿಂದ 1963ರಲ್ಲಿ ಗಮ್ ಬದಲು ಒಂದು ಬಿಸ್ಕತ್ತು ಇಟ್ಟು ಮಾರಿತು; ಅದೂ ವ್ಯಾಜ್ಯಕ್ಕೆ ಸಿಕ್ಕಿ ನಿಂತಿತು. 1975ರಲ್ಲಿ ಫ್ಲೀರ್ ಟಾಪ್ಸ್ ಮೇಲೂ ಆಟಗಾರರ ಸಂಘದ ಮೇಲೂ ಏಕಸ್ವಾಮ್ಯದ ಮೊಕದ್ದಮೆ ಹೂಡಿತು. 1980ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾದ ನ್ಯಾಯಾಧೀಶ ಕ್ಲಾರೆನ್ಸ್ ನ್ಯೂಕಮರ್ ಫ್ಲೀರ್ ಪರವಾಗಿ ತೀರ್ಪು ಕೊಟ್ಟರು. ಪರಿಹಾರವಾಗಿ ಕೊಡಿಸಿದ್ದು 1 ಡಾಲರ್, ಕಾನೂನಿನಂತೆ ಅದನ್ನು ಮೂರು ಪಟ್ಟು ಮಾಡಿ 3 ಡಾಲರ್. ಹಣ ಅಷ್ಟೇ ಆದರೂ ಬಾಗಿಲು ತೆರೆಯಿತು, ಮತ್ತು ಮರುವರ್ಷ ನಿಮ್ಮ ಅಂಗಡಿಯ ಕಟ್ಟೆಯ ಮೇಲೆ ಮೂರು ಡಬ್ಬಗಳು ಬಂದವು.

1981ರ ಆಗಸ್ಟಿನಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಗಮ್ ಜೊತೆ ಕಾರ್ಡು ಮಾರುವ ಹಕ್ಕು ಮತ್ತೆ ಟಾಪ್ಸ್‌ಗೆ ಮಾತ್ರ ಉಳಿಯಿತು. ಆದ್ದರಿಂದಲೇ 1982ರಿಂದ ಫ್ಲೀರ್ ಪೊಟ್ಟಣದಲ್ಲಿ ತಂಡಗಳ ಲಾಂಛನದ ಸ್ಟಿಕ್ಕರುಗಳು, ಡಾನ್‌ರಸ್ ಪೊಟ್ಟಣದಲ್ಲಿ ಚಿತ್ರದ ತುಣುಕುಗಳು ಬಂದವು. ಮೆಂಫಿಸ್ ಕನ್ನಡಿಗರು ಪ್ರೀತಿಯಿಂದ ನೆನೆಯುವ ಬೇಬ್ ರೂತ್ ಚಿತ್ರ ಹುಟ್ಟಿದ್ದು ಗಮ್ ಇಡುವಂತಿಲ್ಲ ಎಂಬ ಕಟ್ಟಳೆಯಿಂದ.

ಕ್ಲೀವ್‌ಲ್ಯಾಂಡ್ ಅಮ್ಮ

ಇಲ್ಲಿ ಬರೆದವರೆಲ್ಲ ಆಗ ಮಕ್ಕಳಾಗಿದ್ದವರು. ಕಾರ್ಡುಗಳಿಗೆ ದುಡ್ಡು ಕೊಟ್ಟವರ ಕಡೆಯಿಂದಲೂ ಒಂದು ಮಾತು ಇರಲಿ. ನಾವು ಶಿವಮೊಗ್ಗೆಯ ಕಡೆಯವರು. ಮಗನಿಗೆ ಈ ಕಾರ್ಡಿನ ಹುಚ್ಚು ಹತ್ತಿದ್ದು ಇದೇ 1982ರ ಸುಮಾರಿಗೆ.

ನಮ್ಮ ಮನೆ ಫ್ಲೀರ್ ಮನೆಯಾಯಿತು, ಮತ್ತು ಹಾಗೆ ನಿರ್ಧರಿಸಿದ್ದು ನಾನು. ಟಾಪ್ಸ್ ಪೊಟ್ಟಣದಲ್ಲಿ ಗುಲಾಬಿ ಬಣ್ಣದ ಗಮ್ ಪಟ್ಟಿಯೊಂದು ಪುಡಿ ಉದುರಿಸಿಕೊಂಡು ಬರುತ್ತಿತ್ತು. ಅದರೊಳಗೆ ಏನೇನು ಹಾಕಿರುತ್ತಾರೋ, ಪ್ರಾಣಿಜನ್ಯ ವಸ್ತು ಇದೆಯೋ ಇಲ್ಲವೋ ಎಂದು ತಿಳಿಯುವ ದಾರಿ ಆಗ ನಮಗೆ ಇರಲಿಲ್ಲ. ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿ ಓದಿ ಸಾಮಾನು ತರುತ್ತಿದ್ದ ಕಾಲ ಅದು. ಮಗ ಗಮ್ ಎಸೆಯುತ್ತೇನೆ ಎಂದು ಮಾತು ಕೊಡುತ್ತಿದ್ದ, ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ಬಾಯಿ ಆಡುತ್ತಿರುತ್ತಿತ್ತು. ಹಾಗಿರುವಾಗ ಗಮ್ ಇಲ್ಲದೆ ಸ್ಟಿಕ್ಕರ್ ಮಾತ್ರ ಇರುವ ಪೊಟ್ಟಣ ಬಂದಿದೆ ಎಂದು ಗೊತ್ತಾದಾಗ ನನಗೆ ದೊಡ್ಡ ಸಮಾಧಾನವಾಯಿತು. ಅದರ ಹಿಂದೆ ನ್ಯಾಯಾಲಯ ಇತ್ತೆಂದು ಇವತ್ತು ಕಾನೂನು ವಿದ್ಯಾರ್ಥಿಯವರಿಂದ ತಿಳಿಯಿತು.

ಆ ಸ್ಟಿಕ್ಕರುಗಳು ನಮ್ಮ ಅಡುಗೆಮನೆಯನ್ನೆಲ್ಲ ಆಕ್ರಮಿಸಿದವು. ಊರಿಂದ ಹೊತ್ತು ತಂದ ಸ್ಟೀಲ್ ಡಬ್ಬಿಗಳಿಗೆ ಒಂದೊಂದು ತಂಡದ ಲಾಂಛನ ಅಂಟಿಸಿದ್ದ. ಹುಣಸೆಹಣ್ಣಿನ ಡಬ್ಬಿಗೆ ಯಾಂಕೀಸ್, ಮೆಂತ್ಯದ ಡಬ್ಬಿಗೆ ಡಾಡ್ಜರ್ಸ್. ನಮ್ಮ ಊರಿನ ತಂಡದ ಲಾಂಛನ ಮಾತ್ರ ಸಕ್ಕರೆ ಡಬ್ಬಿಗೇ ಬೇಕೆಂದು ಹಟ ಹಿಡಿದಿದ್ದ. ಎಷ್ಟು ತಿಕ್ಕಿದರೂ ಅಂಟು ಪೂರ್ತಿ ಹೋಗಲಿಲ್ಲ, ಮೆಂತ್ಯದ ಡಬ್ಬಿಯ ಮೇಲೆ ಇವತ್ತಿಗೂ ನೀಲಿಯ ಅಂಚೊಂದು ಇದೆ.

ಫ್ಲೀರ್‌ನಲ್ಲಿ ಇನ್ನೊಂದು ಅನುಕೂಲವಿತ್ತು. ಅದರ ಕಾರ್ಡು ಸಂಖ್ಯೆಗಳು ತಂಡದ ಪ್ರಕಾರ ಇರುತ್ತಿದ್ದವು, ಹಿಂದಿನ ವರ್ಷ ಗೆದ್ದ ತಂಡ ಮೊದಲು. ಹರಡಿದ ಕಾರ್ಡುಗಳನ್ನು ರಾತ್ರಿ ಜೋಡಿಸಿಡುವ ಕೆಲಸ ನನ್ನ ಪಾಲಿಗೆ ಬಂದಾಗ, ಆಟದ ಗಂಧವಿಲ್ಲದಿದ್ದರೂ ಸಂಖ್ಯೆ ನೋಡಿಕೊಂಡು ಜೋಡಿಸಿದರೆ ತಂಡಗಳು ತಾವಾಗಿಯೇ ಒಂದೆಡೆ ಸೇರುತ್ತಿದ್ದವು. ನಾನು ಬೇಸ್‌ಬಾಲ್ ತಂಡಗಳ ಹೆಸರು ಕಲಿತದ್ದೇ ಹಾಗೆ.

ದಕ್ಷಿಣ ಕ್ಯಾಲಿಫೋರ್ನಿಯಾ

ಫ್ಲೀರ್ ಪರವಾಗಿ ನನ್ನದೂ ಒಂದು ಮತ, ಆದರೆ 1981ರ ಒಂದೇ ಕಾರ್ಡಿಗಾಗಿ. ಆ ವಸಂತದಲ್ಲಿ ಡಾಡ್ಜರ್ಸ್ ತಂಡದ ಫರ್ನಾಂಡೊ ವೆಲೆನ್ಸುವೆಲಾ ತಾನು ಆರಂಭಿಸಿದ ಮೊದಲ ಎಂಟು ಪಂದ್ಯಗಳನ್ನೂ ಗೆದ್ದಾಗ ಲಾಸ್ ಏಂಜಲೀಸ್ ಹೇಗಿತ್ತು ಎಂಬುದನ್ನು ಅಲ್ಲಿದ್ದವರೇ ಬಲ್ಲರು. ಮೆಕ್ಸಿಕೋದ ಒಂದು ಪುಟ್ಟ ಹಳ್ಳಿಯಿಂದ ಬಂದ, ಇಂಗ್ಲಿಷ್ ಹೆಚ್ಚು ಬಾರದ, ಇಪ್ಪತ್ತರ ಹುಡುಗ. ಅವನ ಕಾರ್ಡು ಎಲ್ಲರಿಗೂ ಬೇಕಾಗಿತ್ತು. ಟಾಪ್ಸ್ ಅವನನ್ನು ಮೂವರು ಭವಿಷ್ಯದ ತಾರೆಯರಲ್ಲಿ ಒಬ್ಬನಾಗಿ ಹಾಕಿತ್ತು. ಡಾನ್‌ರಸ್‌ನಲ್ಲಿ ಆ ವರ್ಷ ಅವನೇ ಇಲ್ಲ. ಪೂರ್ತಿ ಕಾರ್ಡು ಸಿಗುತ್ತಿದ್ದುದು ಫ್ಲೀರ್ ಪೊಟ್ಟಣದಲ್ಲಿ ಮಾತ್ರ, ಮತ್ತು ಅದರ ಮೇಲೆ ಹೆಸರು ಫರ್ನಾಂಡ್ ಎಂದು ಅರ್ಧಕ್ಕೆ ನಿಂತಿತ್ತು.

ಶಾಲೆಯಲ್ಲಿ ಪ್ರತಿ ವರ್ಷದ ಮೊದಲ ದಿನ ನನ್ನ ಹೆಸರು ಶಿಕ್ಷಕರ ಬಾಯಲ್ಲಿ ಅರ್ಧಕ್ಕೇ ನಿಲ್ಲುತ್ತಿತ್ತು. ಇಡೀ ನಗರ ಕೂಗಿ ಕರೆಯುತ್ತಿರುವ ಹೆಸರನ್ನೂ ಅಚ್ಚಿನವರು ಸರಿಯಾಗಿ ಬರೆದಿಲ್ಲ ಎಂದು ಕಂಡಾಗ ಆ ಆಟಗಾರನ ಮೇಲೆ ಬಂದ ಪ್ರೀತಿ ಇನ್ನೂ ಹಾಗೆಯೇ ಇದೆ. ಅದೇ ವರ್ಷ ಅವನು ವರ್ಷದ ಹೊಸ ಆಟಗಾರ ಪ್ರಶಸ್ತಿಯನ್ನೂ ಶ್ರೇಷ್ಠ ಎಸೆತಗಾರನಿಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನೂ ಒಟ್ಟಿಗೆ ಪಡೆದ. ನನ್ನ ಬಳಿ ಅವನ ಬೇರೆ ಕಾರ್ಡುಗಳಿವೆ, ಎದುರಿಗೆ ಇಟ್ಟುಕೊಂಡಿರುವುದು ತಪ್ಪು ಹೆಸರಿನದನ್ನೇ.

ಟೊರಾಂಟೊ ಓದುಗಿ

ಕೆನಡಾದ ಕಡೆಯಿಂದ ಒಂದು ಸೇರ್ಪಡೆ. ನಮ್ಮ ಅಂಗಡಿಗಳಲ್ಲಿ ಮುಖ್ಯವಾಗಿ ಕಾಣುತ್ತಿದ್ದುದು ಒಂಟಾರಿಯೊ ಪ್ರಾಂತ್ಯದ ಲಂಡನ್ ಪಟ್ಟಣದ ಓ-ಪೀ-ಚೀ ಕಂಪನಿಯ ಕಾರ್ಡುಗಳು. ಟಾಪ್ಸ್ ಅನುಮತಿ ಪಡೆದು, ಹೆಚ್ಚಾಗಿ ಅದೇ ವಿನ್ಯಾಸದಲ್ಲಿ, ಆದರೆ ಹಿಂಬದಿಯಲ್ಲಿ ಇಂಗ್ಲಿಷಿನ ಜೊತೆಗೆ ಫ್ರೆಂಚ್ ಸೇರಿಸಿ ಅಚ್ಚು ಹಾಕುತ್ತಿದ್ದರು. ಸರಣಿಯಲ್ಲಿ ಕಾರ್ಡುಗಳ ಸಂಖ್ಯೆ ಟಾಪ್ಸ್‌ಗಿಂತ ಕಡಿಮೆ. ನಮ್ಮ ಬ್ಲೂ ಜೇಸ್ ಮತ್ತು ಮಾಂಟ್ರಿಯಲ್ ಎಕ್ಸ್‌ಪೋಸ್ ಆಟಗಾರರಿಗೆ ಮಾತ್ರ ಧಾರಾಳವಾಗಿ ಜಾಗ ಇರುತ್ತಿತ್ತು.

ನನಗೆ ಇಷ್ಟವಾಗಿದ್ದ ಸಂಗತಿಯೆಂದರೆ, ಅಚ್ಚು ಸ್ವಲ್ಪ ತಡವಾಗಿ ಆಗುತ್ತಿದ್ದುದರಿಂದ ಆಟಗಾರ ತಂಡ ಬದಲಿಸಿದ್ದರೆ ಹಳೆಯ ಚಿತ್ರದ ಮೇಲೆಯೇ ಈಗ ಇಂಥ ತಂಡದಲ್ಲಿದ್ದಾನೆ ಎಂಬ ಸಣ್ಣ ಸಾಲು ಸೇರಿಸುತ್ತಿದ್ದರು. ಮೈಮೇಲೆ ಒಂದು ತಂಡದ ಅಂಗಿ, ಪಕ್ಕದಲ್ಲಿ ಇನ್ನೊಂದು ತಂಡದ ಹೆಸರು. ರಜೆಯಲ್ಲಿ ಬಫಲೋದಲ್ಲಿದ್ದ ಸಂಬಂಧಿಕರ ಮನೆಗೆ ಹೋದಾಗ ಅಲ್ಲಿನ ಹುಡುಗರು ನಮ್ಮ ಕಾರ್ಡುಗಳನ್ನು ನಕಲಿ ಎಂದು ದೂರ ಸರಿಸುತ್ತಿದ್ದರು, ಅದರಿಂದ ನನಗೆ ಬಹಳ ನೋವಾಗುತ್ತಿತ್ತು. ಈಗ ಸಂಗ್ರಾಹಕರು ಅವುಗಳನ್ನೇ ಹುಡುಕಿಕೊಂಡು ಬರುತ್ತಾರೆ.

ಹಳೆಯ ಪೆಟ್ಟಿಗೆ

ಇದುವರೆಗಿನ ಚರ್ಚೆ 1981ರ ನಂತರದ್ದು. ಇದಕ್ಕೂ ಹಿಂದೆ, 1950ರ ದಶಕದ ಮೊದಲರ್ಧದಲ್ಲಿ, ಟಾಪ್ಸ್ ಮತ್ತು ಬೋಮನ್ ನಡುವೆ ನಡೆದ ಪೈಪೋಟಿ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ತೀವ್ರವಾದದ್ದು. ನಾನು ಆ ಕಾಲದವನಲ್ಲ. ಫಿಲಡೆಲ್ಫಿಯಾದಲ್ಲಿ ನಮ್ಮ ನೆರೆಮನೆಯಲ್ಲಿದ್ದ ಹಿರಿಯರೊಬ್ಬರು ತಮ್ಮ ಪೆಟ್ಟಿಗೆ ತೆರೆದು ತೋರಿಸಿ ತೋರಿಸಿ ನನಗೆ ಆ ಕಾಲವನ್ನು ಪರಿಚಯಿಸಿದರು. ಅವರು ಬೋಮನ್ ಪಕ್ಷ, ಏಕೆಂದರೆ ಅದು ಅವರ ಊರಿನ ಕಂಪನಿ. ಮೆಂಫಿಸ್ ಕನ್ನಡಿಗರಿಗೆ ಇದು ಅರ್ಥವಾಗುತ್ತದೆ.

ಬೋಮನ್ 1948ರಲ್ಲಿ ಆರಂಭಿಸಿದಾಗ ಒಂದು ಪೆನ್ನಿಗೆ ಒಂದು ಕಪ್ಪು-ಬಿಳುಪು ಕಾರ್ಡು, ಒಂದು ತುಂಡು ಗಮ್. 1951ರ ಸರಣಿಯಲ್ಲಿ ಮಿಕ್ಕಿ ಮ್ಯಾಂಟಲ್ ಮತ್ತು ವಿಲ್ಲೀ ಮೇಸ್ ಇಬ್ಬರ ಮೊದಲ ಕಾರ್ಡುಗಳೂ ಬಂದವು. ಮರುವರ್ಷ ಟಾಪ್ಸ್‌ನಲ್ಲಿದ್ದ ಸೈ ಬರ್ಗರ್ 407 ಕಾರ್ಡುಗಳ ಸರಣಿಯನ್ನು ರೂಪಿಸಿದರು. ಬೋಮನ್ ಕಾರ್ಡಿಗಿಂತ ದೊಡ್ಡ ಅಳತೆ, ಮುಂಬದಿಯಲ್ಲಿ ತಂಡದ ಲಾಂಛನ ಮತ್ತು ಸಹಿ, ಹಿಂಬದಿಯಲ್ಲಿ ಹಿಂದಿನ ವರ್ಷದ ಹಾಗೂ ಒಟ್ಟು ವೃತ್ತಿಜೀವನದ ಅಂಕಿಗಳು. ಎಡಿಸನ್ ನಿವಾಸಿಯವರು ಪ್ರೀತಿಸುವ ಆ ಹಿಂಬದಿಯ ಮೂಲ ಅಲ್ಲಿದೆ. ಆ ಸರಣಿಯ ಕೊನೆಯ ಕಂತು ಬೇಸ್‌ಬಾಲ್ ಋತು ಮುಗಿಯುವ ಹೊತ್ತಿಗೆ ಅಂಗಡಿಗೆ ಬಂದು ಮಾರಾಟವಾಗದೆ ಉಳಿಯಿತು. ಸುಮಾರು 1960ರಲ್ಲಿ ಉಳಿದ ಪೆಟ್ಟಿಗೆಗಳನ್ನು ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದ್ದನ್ನು ಬರ್ಗರ್ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಅದೇ ಕಂತಿನ 311ನೆಯ ಸಂಖ್ಯೆಯ ಮ್ಯಾಂಟಲ್ ಕಾರ್ಡೊಂದು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು.

ಬೋಮನ್ 1953ರಲ್ಲಿ ಕೊಟ್ಟ ಉತ್ತರವನ್ನು ನಾನು ಆ ದಶಕದ ಅತ್ಯಂತ ಸುಂದರ ಕೆಲಸವೆಂದು ತಿಳಿಯುತ್ತೇನೆ. ಟಾಪ್ಸ್ ಆ ವರ್ಷ ವರ್ಣಚಿತ್ರಗಳನ್ನು ಬಳಸಿದರೆ ಬೋಮನ್ ನಿಜವಾದ ಬಣ್ಣದ ಛಾಯಾಚಿತ್ರಗಳನ್ನು ಹಾಕಿತು, ಮತ್ತು ಮುಂಬದಿಯಲ್ಲಿ ಒಂದಕ್ಷರವನ್ನೂ ಅಚ್ಚು ಹಾಕಲಿಲ್ಲ. ಹೆಸರಿಲ್ಲ, ತಂಡವಿಲ್ಲ, ಬರೀ ಚಿತ್ರ. ಪೀ ವೀ ರೀಸ್ ಗಾಳಿಯಲ್ಲಿ ಹಾರಿ ಚೆಂಡು ಎಸೆಯುತ್ತಿರುವ, ಕೆಳಗೆ ಎದುರಾಳಿ ಓಟಗಾರ ಜಾರಿ ಬರುತ್ತಿರುವ ಆ ಕಾರ್ಡನ್ನು ಹಿರಿಯರು ನನ್ನ ಕೈಗೆ ಕೊಟ್ಟಾಗ, ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಚಲನೆ ಹೇಗೆ ಹಿಡಿಸಿತು ಎಂದು ಬಹಳ ಹೊತ್ತು ನೋಡಿದ್ದೆ. ಬಣ್ಣದ ಅಚ್ಚಿಗೆ ಖರ್ಚು ಹೆಚ್ಚಾದ್ದರಿಂದ ಅದೇ ವರ್ಷ 64 ಕಾರ್ಡುಗಳನ್ನು ಕಪ್ಪು-ಬಿಳುಪಿನಲ್ಲಿ ತರಬೇಕಾಯಿತು.

ಈ ಪೈಪೋಟಿಯಲ್ಲಿ ಮಕ್ಕಳ ಕಷ್ಟವೇ ಬೇರೆಯಾಗಿತ್ತು. ನಿಮಗೆ 1980ರ ದಶಕದಲ್ಲಿ ದೊಡ್ಡ ಆಟಗಾರರು ಮೂರು ಕಂಪನಿಗಳಲ್ಲಿಯೂ ಸಿಗುತ್ತಿದ್ದರು. ಆಗ ಹಾಗಿರಲಿಲ್ಲ. ತನ್ನ ಚಿತ್ರದ ಹಕ್ಕನ್ನು ಆಟಗಾರ ಒಂದೇ ಕಂಪನಿಗೆ ಕೊಡಬಹುದು ಎಂದು 1953ರಲ್ಲಿ, ಆಗ ಬೋಮನ್‌ನ ಒಡೆತನ ಹೊಂದಿದ್ದ ಹೇಲನ್ ಲ್ಯಾಬೊರೇಟರೀಸ್ ಮತ್ತು ಟಾಪ್ಸ್ ನಡುವಿನ ಮೊಕದ್ದಮೆಯಲ್ಲಿ ನ್ಯಾಯಾಲಯ ಎತ್ತಿಹಿಡಿದಿತ್ತು. ಹೀಗಾಗಿ 1954 ಮತ್ತು 1955ರಲ್ಲಿ ಮ್ಯಾಂಟಲ್ ಬೇಕಿದ್ದರೆ ಬೋಮನ್ ಕೊಳ್ಳಬೇಕು, ಜಾಕಿ ರಾಬಿನ್ಸನ್ ಬೇಕಿದ್ದರೆ ಟಾಪ್ಸ್. ಹ್ಯಾಂಕ್ ಆರನ್ ಅವರ 1954ರ ಮೊದಲ ಕಾರ್ಡು ಟಾಪ್ಸ್‌ನಲ್ಲಿ ಮಾತ್ರ. ಟೆಡ್ ವಿಲಿಯಮ್ಸ್ ಅದೇ ವರ್ಷ ಟಾಪ್ಸ್ ಜೊತೆ ಒಪ್ಪಂದ ಮಾಡಿಕೊಂಡದ್ದರಿಂದ ಬೋಮನ್ ತಾನು ಆಗಲೇ ಅಚ್ಚು ಹಾಕಿದ್ದ 66ನೆಯ ಕಾರ್ಡನ್ನು ಹಿಂತೆಗೆದು ಜಿಮ್ಮಿ ಪಿಯರ್ಸಾಲ್‌ನನ್ನು ಆ ಜಾಗಕ್ಕೆ ತಂದಿತು. ಟಾಪ್ಸ್ ವಿಲಿಯಮ್ಸ್ ಅವರನ್ನು ಸರಣಿಯ ಮೊದಲನೆಯ ಕಾರ್ಡಾಗಿಯೂ ಕೊನೆಯ 250ನೆಯ ಕಾರ್ಡಾಗಿಯೂ ಹಾಕಿತು. ಒಂದು ಕಂಪನಿಗೆ ನಿಷ್ಠರಾದರೆ ಅರ್ಧ ಆಟವನ್ನೇ ಕಳೆದುಕೊಳ್ಳುವ ಸ್ಥಿತಿ. ನೆರೆಮನೆಯ ಹಿರಿಯರು ಬೋಮನ್ ಪಕ್ಷದವರಾಗಿದ್ದೂ ರಾಬಿನ್ಸನ್‌ಗಾಗಿ ಟಾಪ್ಸ್ ಕೊಂಡವರು, ಮತ್ತು ಆ ಕಾರ್ಡುಗಳನ್ನು ಬೇರೆ ಪೆಟ್ಟಿಗೆಯಲ್ಲಿ ಇಡುತ್ತಿದ್ದರಂತೆ.

1955ರಲ್ಲಿ ಬೋಮನ್ ಪ್ರತಿ ಆಟಗಾರನನ್ನೂ ಮರದ ಚೌಕಟ್ಟಿನ ಟೆಲಿವಿಷನ್ ಪೆಟ್ಟಿಗೆಯೊಳಗೆ ಇರಿಸಿತು, ಅಂಪೈರುಗಳಿಗೂ ಕಾರ್ಡು ಮಾಡಿತು. ಅದೇ ಅದರ ಕೊನೆಯ ವರ್ಷವಾಯಿತು.

ಹೊಸ ಸಂಗ್ರಾಹಕ

ನಾನು 1989ರಲ್ಲಿ ಆರಂಭಿಸಿದವನು. ನಮ್ಮ ಕಾಲದ ಅಪ್ಪರ್ ಡೆಕ್ ಬಗ್ಗೆ ಯಾರೂ ಮಾತನಾಡಿಲ್ಲವಲ್ಲ?

ಮೆಂಫಿಸ್ ಕನ್ನಡಿಗ

ಅಪ್ಪರ್ ಡೆಕ್ ಒಳ್ಳೆಯ ಕಾರ್ಡು ಎಂಬುದರಲ್ಲಿ ಸಂಶಯವಿಲ್ಲ. ಬಿಳಿ ರಟ್ಟು, ಎರಡೂ ಬದಿಯಲ್ಲಿ ಬಣ್ಣದ ಚಿತ್ರ, ನಕಲಿ ತಡೆಯಲು ಹೊಳೆಯುವ ಹೊಲೊಗ್ರಾಮ್, ಮೊದಲನೆಯ ಸಂಖ್ಯೆಯಲ್ಲಿ ಕೆನ್ ಗ್ರಿಫಿ ಜೂನಿಯರ್. ಆದರೆ ಪೊಟ್ಟಣದ ಬೆಲೆ ಒಂದು ಡಾಲರಿನ ಹತ್ತಿರವಿತ್ತು. 30 ಸೆಂಟಿನ ಲೆಕ್ಕದಲ್ಲಿ ಬೆಳೆದ ನಮಗೆ ಅದು ಅಣ್ಣಂದಿರ ವಸ್ತುವಾಗಿ ಕಂಡಿತು. ಅಷ್ಟು ಹೊತ್ತಿಗೆ ಬೆಕೆಟ್ ಪತ್ರಿಕೆಯ ದರಪಟ್ಟಿ ಹುಡುಗರ ಶಾಲೆಯ ಚೀಲದೊಳಕ್ಕೆ ಬಂದಿತ್ತು. ಕಾರ್ಡು ಬದಲಾಯಿಸಿಕೊಳ್ಳುವಾಗ ನನಗೆ ಇವನು ಇಷ್ಟ ಎಂಬ ಮಾತಿನ ಬದಲು ಇದಕ್ಕೆ ಇಷ್ಟು ಡಾಲರ್ ಎಂಬ ಮಾತು ಮೊದಲು ಬರತೊಡಗಿತು. 1984ರ ಡಾನ್‌ರಸ್‌ನ ಡಾನ್ ಮ್ಯಾಟಿಂಗ್ಲಿ ಕಾರ್ಡನ್ನು ನಾನು ಆ ವರ್ಷ ಚಿತ್ರ ಜೋಡಣೆಯ ಎರಡು ಕಾರ್ಡುಗಳಿಗೆ ಕೊಟ್ಟಿದ್ದೆ, ಅದರ ಬಗ್ಗೆ ನನಗೆ ಇವತ್ತಿಗೂ ಖೇದವಿಲ್ಲ. ಸ್ನೈಡರ್ ಅವರ ಮುಖ ಪೂರ್ತಿಯಾಗಬೇಕಿತ್ತು.

ಎಡಿಸನ್ ನಿವಾಸಿ

ಈ ಕೊನೆಯ ಮಾತನ್ನು ಟಾಪ್ಸ್ ಪಕ್ಷದವನಾಗಿಯೂ ಪೂರ್ತಿಯಾಗಿ ಒಪ್ಪುತ್ತೇನೆ. 1980ರ ದಶಕದ ಕೊನೆಗೆ ಎಲ್ಲ ಕಂಪನಿಗಳೂ ಅಳತೆ ಮೀರಿ ಅಚ್ಚು ಹಾಕಿದವು. ಕಾದಿಟ್ಟರೆ ಬೆಲೆ ಬರುತ್ತದೆಂದು ಜನ ಪೆಟ್ಟಿಗೆಗಟ್ಟಲೆ ಕೊಂಡು ಒಡೆಯದೆ ಇಟ್ಟರು, ಆದ್ದರಿಂದಲೇ ಅವಕ್ಕೆ ಇವತ್ತು ಹೆಚ್ಚಿನ ಬೆಲೆಯಿಲ್ಲ. 1987ರ ಟಾಪ್ಸ್, ಮರದ ಅಂಚಿನದು, ಎಷ್ಟು ಬೇಕಾದರೂ ಸಿಗುತ್ತದೆ. ನನಗೆ ಮಾತ್ರ ಅದರ ಹಿಂಬದಿಯನ್ನು ಓದುವುದರಲ್ಲಿ ಹಿಂದಿನ ಸುಖವೇ ಇದೆ. 1992ರಿಂದ ಟಾಪ್ಸ್ ಪೊಟ್ಟಣದಲ್ಲಿಯೂ ಗಮ್ ನಿಂತಿತು.

ಟೊರಾಂಟೊ ಓದುಗಿಯವರಿಗೆ ಒಂದು ಪ್ರಶ್ನೆ. ನನ್ನ ಪೆಟ್ಟಿಗೆಯಲ್ಲಿ ಎಕ್ಸ್‌ಪೋಸ್ ತಂಡದ ಕೆಲವು ಕಾರ್ಡುಗಳು ಪ್ಲಾಸ್ಟಿಕ್ ಹಾಳೆಗಳಲ್ಲಿ ಬೆನ್ನಿಗೆ ಬೆನ್ನು ಸೇರಿಕೊಂಡಿವೆ. ಹಳೆಯ ಪ್ಲಾಸ್ಟಿಕ್ ಅಂಟಿಕೊಂಡಿರುವುದರಿಂದ ಎಳೆದು ತೆಗೆಯಲು ಹೆದರಿಕೆ. ಮುಂಬದಿ ನೋಡಿಯೇ ಅವು ಓ-ಪೀ-ಚೀ ಎಂದು ಗುರುತಿಸಬಹುದೇ?

ಟೊರಾಂಟೊ ಓದುಗಿ

ಬಹುಮಟ್ಟಿಗೆ ಗುರುತಿಸಬಹುದು. ಅಂಚುಗಳನ್ನು ಬೆಳಕಿಗೆ ಹಿಡಿದು ನೋಡಿ. ಟಾಪ್ಸ್ ಅಂಚು ಸಾಮಾನ್ಯವಾಗಿ ನಯವಾಗಿರುತ್ತದೆ; ಓ-ಪೀ-ಚೀ ಅಂಚು ಎಷ್ಟೋ ಸಲ ಒರಟಾಗಿ, ಕಾಗದದ ಎಳೆಗಳು ಎದ್ದುಕೊಂಡ ಹಾಗೆ ಇರುತ್ತದೆ. ಅದು ಹಾಳಾದ ಲಕ್ಷಣವಲ್ಲ, ಕತ್ತರಿಸಿದ ರೀತಿಯೇ ಹಾಗೆ, ಆದ್ದರಿಂದ ಕತ್ತರಿ ಹಿಡಿದು ನೇರ ಮಾಡಲು ಹೋಗಬೇಡಿ. ಮುಂಬದಿಯಲ್ಲಿ ಕಂಪನಿಯ ಲಾಂಛನ ಅಚ್ಚಾಗಿರುವ ವರ್ಷದ್ದಾದರೆ ಸಂಶಯವೇ ಇರುವುದಿಲ್ಲ. ಪ್ಲಾಸ್ಟಿಕ್ ಹಾಳೆಯನ್ನು ಎಳೆಯಬೇಡಿ; ಜೇಬಿನ ಮೂರು ಬದಿಯನ್ನು ಕತ್ತರಿಸಿ ಪ್ಲಾಸ್ಟಿಕ್ಕನ್ನೇ ನಿಧಾನವಾಗಿ ಹಿಂದಕ್ಕೆ ಬಿಡಿಸಿ. ಹಿಂಬದಿಯಲ್ಲಿ ಫ್ರೆಂಚ್ ಕಂಡರೆ ಇಲ್ಲಿ ಆಟಗಾರರ ಹೆಸರು ಬರೆಯಿರಿ. 1982ರ ನನ್ನ ಎಕ್ಸ್‌ಪೋಸ್ ಪಟ್ಟಿಯಲ್ಲಿ ಇನ್ನೂ ಕೆಲವು ಖಾಲಿ ಇವೆ, ನನ್ನ ಬಳಿ ಬ್ಲೂ ಜೇಸ್ ಎರಡೆರಡು ಪ್ರತಿ ಇವೆ, ಬದಲಾಯಿಸಿಕೊಳ್ಳೋಣ.